ಉಬುಂಟುವಿನಲ್ಲಿ ವಿಎಲ್‌ಸಿ ಹಾಕಿ ಹಳೇ ಯಕ್ಷಗಾನದ ಡಿವಿಡಿ ನೋಡಿದೆವು

ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲಿ ಒಂದು ಬಿಸ್ಕತ್ತು ಡಬ್ಬಿ ತುಂಬಾ ಡಿವಿಡಿ ಇದೆ. ಜಾಸ್ತಿ ಆಟದ್ದೇ, ಅಂದರೆ ಯಕ್ಷಗಾನದ್ದು, ಒಂದೆರಡು ಮದುವೆಯದ್ದು, ಉಳಿದದ್ದು ಸಿನಿಮಾ. ಟಿವಿ ಪಕ್ಕದ ಪ್ಲೇಯರ್ ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ಹೋಯಿತು. ಹಾಗಾಗಿ ಉಬುಂಟು 22.04 ಎಂಬ ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಕ್ಕಿಸಿ, ವಿಡಿಯೋ ಓಡಿಸುವ ವಿಎಲ್‌ಸಿ ತಂತ್ರಾಂಶ ಹಾಕಿಕೊಂಡೆ. ಒಂದು ತಿಂಗಳಾಯಿತು, ತುಂಬಾ ಖುಷಿಯಾಗಿದೆ.

ಮೊದಲ ದಿನ ಆಟದ ಡಿವಿಡಿ ಹಾಕಿದ ಕೂಡಲೇ ಓಡಿತು. ಸಿನಿಮಾದ್ದು ಹಾಕಿದರೆ ಡ್ರೈವ್ ಗರಗರ ಅನ್ನುತ್ತದೆ, ಪರದೆ ಮೇಲೆ ಬರೀ ಹಸಿರು, ಬೂದು ಚೌಕಗಳು. ಡಿಸ್ಕ್ ಹಾಳಾಗಿದೆ ಅಂದುಕೊಂಡು ನಾಲ್ಕು ಸಲ ಒರೆಸಿದೆ. ಹಾಳಾಗಿರಲಿಲ್ಲ. ಕಂಪನಿ ಡಿವಿಡಿಗಳಿಗೆ ಹೆಚ್ಚಾಗಿ ಸಿಎಸ್‌ಎಸ್ ಅಂತ ಒಂದು ಬೀಗ ಇರುತ್ತದೆ, ಊರಿನ ಸ್ಟುಡಿಯೋದಲ್ಲಿ ಬರೆದು ಕೊಟ್ಟ ಡಿಸ್ಕಿಗೆ ಅದಿಲ್ಲ. ಬೀಗ ತೆಗೆಯುವ ಲಿಬ್‌ಡಿವಿಡಿಸಿಎಸ್‌ಎಸ್ ಎಂಬ ತಂತ್ರಾಂಶ ಉಬುಂಟು ಜೊತೆ ಬರುವುದಿಲ್ಲ, ಕೆಲವು ದೇಶಗಳಲ್ಲಿ ಅದಕ್ಕೆ ಕಾನೂನಿನ ತಕರಾರು ಇದೆ. ನಾವೇ ಹಾಕಿಕೊಳ್ಳಬೇಕು. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ 'ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಡಿವಿಡಿ-ಪಿಕೆಜಿ' ಕೊಡಿ. ಅಲ್ಲಿಗೇ ನಿಲ್ಲಿಸಬೇಡಿ, ನಾನು ನಿಲ್ಲಿಸಿ ಒಂದು ಸಂಜೆ ಕಳೆದೆ. ಆಮೇಲೆ 'ಸುಡೋ ಡಿಪಿಕೆಜಿ-ರೀಕಾನ್ಫಿಗರ್ ಲಿಬ್‌ಡಿವಿಡಿ-ಪಿಕೆಜಿ' ಕೊಟ್ಟಾಗ ಅದು ನೆಟ್‌ನಿಂದ ಲಿಬ್‌ಡಿವಿಡಿಸಿಎಸ್‌ಎಸ್‌ನ ಮೂಲ ಕೋಡ್ ಇಳಿಸಿ ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ ಸಿದ್ಧಪಡಿಸಿಕೊಂಡಿತು. ಇದನ್ನು ಟೈಪ್ ಮಾಡಿದ್ದು ಎಂಟನೇ ಕ್ಲಾಸಿನ ಮಗಳು. ಕೇರಳದ ಶಾಲೆಗಳಲ್ಲಿ ಕಲಿಸುವುದೇ ಲಿನಕ್ಸ್ ಅಲ್ವಾ, ಅವಳಿಗೆ ಇದು ಹೊಸತಲ್ಲ.

ಕಂಪನಿ ಡಿವಿಡಿಗಳಿಗೆ ದೇಶಗಳ ಪ್ರಕಾರ ವಲಯದ ನಂಬರೂ ಇರುತ್ತದೆ. ದುಬೈಯಿಂದ ಭಾವ ತಂದ ಡಿಸ್ಕ್ 2ನೇ ವಲಯದ್ದು, ಭಾರತದ್ದು 5. ಡ್ರೈವಿನ ವಲಯವನ್ನು 5 ಸಲ ಮಾತ್ರ ಬದಲಾಯಿಸಲು ಆಗುವುದು. ನಮ್ಮ ಡ್ರೈವಿನಲ್ಲಿ ಏನೂ ಬದಲಾಯಿಸದೆ ಓಡಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೀಬೋರ್ಡಿನ ಡಿ ಕೀಲಿ. ವೇಷ ದಿಗಿಣ ಹಾಕುವಾಗ, ಅಂದರೆ ಹಾರಿ ಸುತ್ತುವಾಗ, ಕಿರೀಟದ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಕಾಣುತ್ತಿತ್ತು. ಈ ಡಿಸ್ಕುಗಳಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರವೂ ಸಾಲು ಬಿಟ್ಟು ಸಾಲು ಎರಡು ಅರ್ಧವಾಗಿ ಬರುತ್ತದೆ, ಹಳೇ ಟಿವಿ ಅದನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಲ್ಯಾಪ್‌ಟಾಪ್ ಎರಡನ್ನೂ ಒಟ್ಟಿಗೇ ತೋರಿಸಿಬಿಡುತ್ತದೆ. ವಿಎಲ್‌ಸಿ ತಾನಾಗಿಯೇ ಸರಿ ಮಾಡಬೇಕಿತ್ತು, ಸ್ಟುಡಿಯೋ ಡಿಸ್ಕಿಗೆ ಮಾಡಲಿಲ್ಲ. ಡಿ ಒತ್ತಿದ್ದೇ ಗೆರೆ ಮಾಯ. ಅಪ್ಪ ಕುರ್ಚಿ ಮುಂದೆ ಎಳೆದುಕೊಂಡು, "ಈಗ ಗೆಜ್ಜೆ ಸಹ ಕಾಣ್ತದೆ" ಎಂದರು.

ಬೇಸರ ಇರುವುದು ಡ್ರೈವಿನ ಮೇಲೆ. ಒಂದೇ ಯುಎಸ್‌ಬಿಯ ಕರೆಂಟು ಅದಕ್ಕೆ ಸಾಕಾಗುವುದಿಲ್ಲ, ಕೇಬಲಿನ ಎರಡೂ ಬಾಲ ಸಿಕ್ಕಿಸಬೇಕು. ಗೀರು ಬಿದ್ದ ಡಿಸ್ಕ್ ಹಾಕಿದರೆ ವಿಎಲ್‌ಸಿಯೂ ನಿಂತುಬಿಡುತ್ತದೆ. ಹಾಗಾಗಿ ಆಟದ ಡಿಸ್ಕುಗಳನ್ನೆಲ್ಲ ಈಗ ಹಾರ್ಡ್ ಡಿಸ್ಕಿಗೆ ನಕಲು ಮಾಡುತ್ತಿದ್ದೇನೆ, ಒಂದಕ್ಕೆ ಸುಮಾರು 4 ಜಿಬಿ. ಹನ್ನೊಂದು ಮುಗಿಯಿತು. ಅಪ್ಪ ಮೊದಲು ಕೇಳಿದ ಡಿಸ್ಕಿಗೇ ಗೀರು ಜಾಸ್ತಿ, ಅದಕ್ಕೆ ನಿನ್ನೆ ರಾತ್ರಿಯಿಂದ, ಹಾಳಾದ ಡಿಸ್ಕಿನಿಂದ ಆದಷ್ಟು ಎತ್ತಿಕೊಡುವ ಡಿಡಿರೆಸ್ಕ್ಯೂ ಓಡುತ್ತಿದೆ.