ನಾರ್ವೆಯ ಹಡಗಿನಲ್ಲಿ ಏಳು ರಾತ್ರಿ: ಸ್ಪಾದಲ್ಲಿ ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಬೇಡ

ಮದುವೆಯಾಗಿ 30 ವರ್ಷ ತುಂಬಿದ ನೆಪದಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗಳ ಒತ್ತಾಯಕ್ಕೆ ಮಣಿದು, ಕಳೆದ ಜೂನ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಸೌತಾಂಪ್ಟನ್ ಬಂದರಿನಿಂದ ನಾರ್ವೆಗೆ ಹೋಗಿಬರುವ ಏಳು ರಾತ್ರಿಗಳ ಐಷಾರಾಮಿ ಹಡಗು ಪ್ರವಾಸ ಮಾಡಿದೆವು. ಸ್ಟಾವಂಗರ್, ಫ್ಲಾಮ್, ಗೈರಾಂಗರ್, ಬರ್ಗೆನ್ ಎಂಬ ನಾಲ್ಕು ಊರುಗಳಲ್ಲಿ ದಿನಕ್ಕೊಂದರಂತೆ ನಿಲುಗಡೆ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಪೂರ್ತಿ ಸಮುದ್ರದ ಮೇಲೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ ಒಂದೇ ಸಾಲದು, ನಾರ್ವೆಗಾಗಿ ಶೆಂಗೆನ್ ವೀಸಾ ಸಹ ಬೇಕು ಎಂಬುದನ್ನು ಮೊದಲೇ ತಿಳಿದಿದ್ದರಿಂದ ಆ ಗೊಂದಲ ನಮಗಾಗಲಿಲ್ಲ.

ಹಡಗು ಮಧ್ಯಮ ಗಾತ್ರದ್ದು. ಕೋಣೆ, ಹಾಸಿಗೆ, ಬಾಲ್ಕನಿ ಇವೆಲ್ಲ ಕೊಟ್ಟ ಹಣಕ್ಕೆ ತಕ್ಕಂತಿದ್ದವು, ಅವುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪತ್ರಿಕೆಗಳ ಜಾಹೀರಾತಿನಲ್ಲಿ ಈ ಪ್ರವಾಸದ ಮುಖ್ಯ ಆಕರ್ಷಣೆಯೆಂದು ಬಣ್ಣಿಸುವುದು ಸ್ಪಾವನ್ನು. ನಾವು ಈ ಹಡಗನ್ನು ಆರಿಸಿಕೊಂಡದ್ದೂ ಅದಕ್ಕಾಗಿಯೇ.

ಸ್ಪಾ ಎಂದರೆ ಎರಡು ಬೇರೆ ಬೇರೆ ಸಂಗತಿಗಳು ಎಂಬುದು ನಮಗೆ ಹಡಗು ಹತ್ತಿದ ಮೇಲೆಯೇ ಅರ್ಥವಾಯಿತು. ಒಂದು, ಗಂಟೆಯ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಮಸಾಜ್ ಮತ್ತು ಮುಖದ ಆರೈಕೆ. ಇನ್ನೊಂದು, ಸೌನಾ ಎಂಬ ಒಣ ಬಿಸಿಯ ಕೋಣೆ, ಆವಿ ಕೋಣೆ, ಬಿಸಿನೀರಿನ ಕೊಳ, ಕೆಳಗಿನಿಂದ ಬೆಚ್ಚಗಾಗುವ ಕಲ್ಲಿನ ಒರಗುಮಂಚಗಳು ಇರುವ ವಿಭಾಗ. ಇದಕ್ಕೆ ಇಡೀ ಪ್ರವಾಸಕ್ಕೆ ಒಂದೇ ಪಾಸ್. ನಮ್ಮ ಹಡಗಿನಲ್ಲಿ ಇಬ್ಬರ ಪಾಸಿಗೆ 280 ಡಾಲರ್ ಆಯಿತು. ಪಾಸುಗಳ ಸಂಖ್ಯೆಗೆ ಮಿತಿ ಇರುವುದರಿಂದ ಮೊದಲ ದಿನವೇ ಹೋಗಿ ಕೊಳ್ಳಬೇಕು. ನಮ್ಮ ಊಟದ ಮೇಜಿನ ಪಕ್ಕದಲ್ಲಿ ಕೂರುತ್ತಿದ್ದ ದಂಪತಿಗಳು ಮರುದಿನ ಕೇಳಿದಾಗ ಎಲ್ಲವೂ ಮುಗಿದುಹೋಗಿತ್ತು.

ಮೊದಲು ಮಸಾಜಿನ ಮಾತು. 50 ನಿಮಿಷಗಳ ಸ್ವೀಡಿಷ್ ಮಸಾಜಿಗೆ 170 ಡಾಲರ್, ಅದರ ಮೇಲೆ ಶೇ. 18ರಷ್ಟು ಸೇವಾ ಶುಲ್ಕ. ಕಡೆಗೆ ತಲೆಗೆ 200 ಡಾಲರ್ ತಲುಪಿತು. ಕೈಚಳಕದಲ್ಲಿ ಕೊರತೆಯಿರಲಿಲ್ಲ. ಭುಜದ ಬಿಗಿತವನ್ನು ಆ ಯುವತಿ ಕೇಳದೆಯೇ ಗುರುತಿಸಿದಳು. ಆದರೆ ಹಬ್ಬದ ಹಿಂದಿನ ಸಂಜೆ ನೀರು ತುಂಬಿದ ಹಂಡೆ, ಮರುದಿನ ನಸುಕಿನಲ್ಲಿ ನೆತ್ತಿಗೆ ತಟ್ಟಿದ ಹರಳೆಣ್ಣೆ, ಬಚ್ಚಲಿನ ಹೊಗೆ, ಸೀಗೆಪುಡಿ, ಸುಡುಸುಡು ನೀರು, ಆಮೇಲೆ ಎಚ್ಚರವೇ ಇಲ್ಲದಂತೆ ಬರುವ ನಿದ್ದೆ ಇವುಗಳಲ್ಲಿ ಬೆಳೆದ ಮೈಗೆ, ಎಣ್ಣೆ ತೀಡಿ ಬಿಸಿ ಬಟ್ಟೆಯಿಂದ ಒರೆಸಿ ‘ಆಯಿತು, ಏಳಿ’ ಎಂದುಬಿಟ್ಟರೆ ಅರ್ಧಕ್ಕೇ ಎಬ್ಬಿಸಿದಂತಾಗುತ್ತದೆ. ತಲೆಗೆ ಎಣ್ಣೆ ಹಾಕುವುದಂತೂ ಬೇರೆಯೇ ಸೇವೆ, ಬೇರೆಯೇ ದರ.

ಇದಕ್ಕಿಂತ ಬೇಸರ ತರಿಸಿದ್ದು ಆಮೇಲಿನ ಹತ್ತು ನಿಮಿಷ. ಮೈ ಇನ್ನೂ ಸಡಿಲವಾಗಿರುವಾಗಲೇ ಮುಂದೆ ಒಂದು ಚೀಟಿ ಹಿಡಿದು, ಕಡಲಪಾಚಿಯ ಲೇಪ, ರಾತ್ರಿ ಹಚ್ಚುವ ಸೀರಮ್ ಇತ್ಯಾದಿಗಳನ್ನು ವೈದ್ಯರು ಔಷಧಿ ಬರೆದುಕೊಟ್ಟಷ್ಟೇ ಗಂಭೀರವಾಗಿ ಶಿಫಾರಸು ಮಾಡಿದರು. ಹಡಗಿನ ಸ್ಪಾಗಳಲ್ಲಿ ಇದು ಸಾಮಾನ್ಯ ರೂಢಿಯೆಂದು ಹಲವು ಬಾರಿ ಪಯಣಿಸಿದವರು ಹೇಳಿದರು. ‘ಮಾರಾಟದ ಮಾತು ಬೇಡ’ ಎಂದು ಮೊದಲೇ ಅರ್ಜಿಯಲ್ಲಿ ಬರೆದುಕೊಟ್ಟರೆ ಬಿಡುತ್ತಾರಂತೆ. ಮಸಾಜ್ ಬೇಕೇಬೇಕೆನ್ನುವವರು ಹಡಗು ಬಂದರಿನಲ್ಲಿ ನಿಂತಿರುವ ದಿನ ಮಾಡಿಸಿಕೊಳ್ಳಲಿ. ಎಲ್ಲರೂ ಊರು ನೋಡಲು ಇಳಿದುಹೋಗಿರುವುದರಿಂದ ಅಂದು ದರದಲ್ಲಿ ರಿಯಾಯಿತಿ ಸಿಗುತ್ತದೆ.

ಇನ್ನು ಪಾಸ್. ಪ್ರವಾಸದಲ್ಲಿ ಇದೊಂದಕ್ಕೆ ಕೊಟ್ಟ ಹಣದ ಬಗ್ಗೆ ನನಗೆ ಕಿಂಚಿತ್ತೂ ಹಳಹಳಿಕೆಯಿಲ್ಲ. ಐದನೆಯ ದಿನ ಹಡಗು ಗೈರಾಂಗರ್ ಫ್ಯೋರ್ಡನ್ನು, ಅಂದರೆ ಹಿಮನದಿ ಕೊರೆದ ಕಣಿವೆಯೊಳಗೆ ಸಮುದ್ರ ಸುಮಾರು 15 ಕಿ.ಮೀ. ಚಾಚಿಕೊಂಡಿರುವ ಕಿರಿದಾದ ನೀರುದಾರಿಯನ್ನು, ಮುಂಜಾನೆಯೇ ಪ್ರವೇಶಿಸಿತು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವಿದು. ಜೂನ್ ತಿಂಗಳಲ್ಲಿ ಅಲ್ಲಿ ನಾಲ್ಕು ಗಂಟೆಯ ಹೊತ್ತಿಗೇ ಸೂರ್ಯೋದಯ. ಸೌನಾದ ಒಂದು ಗೋಡೆ ಪೂರ್ತಿ ಗಾಜಿನದು. ಒಳಗೆ ಸುಮಾರು 85 ಡಿಗ್ರಿ ಸೆಲ್ಸಿಯಸ್ ಒಣ ಬಿಸಿ, ಹೊರಗೆ ಬಂಡೆಯ ತಲೆಯ ಮೇಲೆ ಇನ್ನೂ ಕರಗದ ಹಿಮ. ‘ಏಳು ಅಕ್ಕತಂಗಿಯರು’ ಎಂಬ ಹೆಸರಿನ ಜಲಪಾತ ಎದುರಾದಾಗ ಪತ್ನಿ, ‘ಇದು ನಮ್ಮ ಜೋಗದ ನೆಂಟರಲ್ಲವೇ’ ಎಂದಳು. ಅಲ್ಲಿ ರಾಜ, ರಾಣಿ, ರೋರರ್, ರಾಕೆಟ್. ಇಲ್ಲಿ ಏಳು ಧಾರೆಗಳು, ಎದುರು ದಡದಲ್ಲಿ ಅವರನ್ನು ಮದುವೆಗೆ ಕೇಳಲು ಬಂದ ವರನೆಂಬ ಇನ್ನೊಂದು ಧಾರೆ. ಇವುಗಳ ಅತಿ ಉದ್ದದ ನೇರ ಜಿಗಿತ ಸುಮಾರು 250 ಮೀಟರ್, ಜೋಗ 253. ಈ ಏಳು ಧಾರೆಗಳಿಗೆ ಎದುರಾಗಿ ಬಂಡೆಯ ಅಂಚಿನಲ್ಲಿ ಅಂಟಿಸಿದಂತೆ ಸ್ಕಾಗೆಫ್ಲೋ ಎಂಬ ಪಾಳುಬಿದ್ದ ಹೊಲಮನೆ ಕಾಣುತ್ತದೆ. ನಾರ್ವೆಯ ರಾಜ ಹರಾಲ್ಡ್ ಮತ್ತು ರಾಣಿ ಸೋನ್ಯಾ 1993ರಲ್ಲಿ ತಮ್ಮ ಮದುವೆಯ ಬೆಳ್ಳಿಹಬ್ಬ ಆಚರಿಸಿದ್ದು ಅಲ್ಲಿ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ನಾವು ಬೆವರೊರೆಸಿಕೊಳ್ಳುತ್ತಾ ಕೇಳಿಸಿಕೊಂಡೆವು.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆಯ ಮಾತು: ಈ ಹಡಗಿನಲ್ಲಿ ಈಜುಡುಗೆ ಕಡ್ಡಾಯ. ಜರ್ಮನ್ ಪ್ರವಾಸಿಗರೇ ಹೆಚ್ಚಿರುವ ಹಡಗುಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಬಟ್ಟೆಯಿಲ್ಲದೆ ಸೌನಾದಲ್ಲಿ ಕೂರುವುದು ರೂಢಿ. ಟಿಕೆಟ್ ಕೊಳ್ಳುವ ಮೊದಲು ವಿಚಾರಿಸಿಕೊಳ್ಳುವುದು ಕ್ಷೇಮ.

ಉಪಚಾರವೆಂಬ ಪದಕ್ಕೆ ನಿಜವಾಗಿ ಒಪ್ಪುವಂಥದ್ದು ಮಾತ್ರ ಊಟದ ಮನೆಯಲ್ಲಿ ಸಿಕ್ಕಿತು. ನಾವು ಸಸ್ಯಾಹಾರಿಗಳೆಂದು ತಿಳಿದ ಮೇಲೆ ಹಿರಿಯ ಪರಿಚಾರಕರು ಪ್ರತಿ ರಾತ್ರಿ ಮರುದಿನದ ಪಟ್ಟಿ ತಂದು ಕೇಳುತ್ತಿದ್ದರು. ಎರಡು ದಿನ ಚೀಸ್ ಮತ್ತು ಅಣಬೆಯಲ್ಲೇ ಕಳೆದೆವು. ಮೂರನೆಯ ರಾತ್ರಿ, ಅಡುಗೆಮನೆಯಲ್ಲಿದ್ದ ಮಂಗಳೂರಿನ ಕಡೆಯ ಹುಡುಗನೊಬ್ಬ, ‘ಅಮ್ಮ, ಸ್ವಲ್ಪ ಸಾರು ಮಾಡಿದ್ದೇನೆ, ಹುಣಿಸೆಹಣ್ಣು ಇರಲಿಲ್ಲ, ನಿಂಬೆ ಹಿಂಡಿದ್ದೇನೆ’ ಎಂದು ಎರಡು ಬಟ್ಟಲು ತಂದಿಟ್ಟ. ಇದಕ್ಕೆ ಬಿಲ್ಲಿನಲ್ಲಿ ಸಾಲಿರಲಿಲ್ಲ. ದಿನಕ್ಕೆ ತಲೆಗಿಷ್ಟೆಂದು ತಾನಾಗಿ ಸೇರಿಕೊಳ್ಳುವ ಭಕ್ಷೀಸಿನ ಹೊರತಾಗಿ ನಾವು ಅವನಿಗೆ ಬೇರೆಯಾಗಿ ಕೊಟ್ಟೆವು.

ಮರಳುವ ದಿನ ಉತ್ತರ ಸಮುದ್ರ ಒರಟಾಗಿತ್ತು. ಕೊಳದ ನೀರು ಅಂಚು ಮೀರಿ ಚೆಲ್ಲತೊಡಗಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಅದನ್ನು ಬರಿದು ಮಾಡಿ ಬಲೆ ಕಟ್ಟಿದರು, ಪಾಸಿನ ಹಣದಲ್ಲಿ ಏನನ್ನೂ ಹಿಂತಿರುಗಿಸಲಿಲ್ಲ. ಇನ್ನೊಮ್ಮೆ ಹೋಗುವುದಾದರೆ ಬಾಲ್ಕನಿಯಿಲ್ಲದ ಕೋಣೆ ಹಿಡಿಯುತ್ತೇವೆ, ಮಸಾಜ್ ಬಿಡುತ್ತೇವೆ, ಪಾಸನ್ನು ಹಡಗು ಹತ್ತಿದ ಗಂಟೆಯೊಳಗೆ ಕೊಳ್ಳುತ್ತೇವೆ. ಪೆಟ್ಟಿಗೆಯಲ್ಲಿ ಒಂದು ಹಿಡಿ ಹುಣಿಸೆಹಣ್ಣೂ ಇರುತ್ತದೆ.