ಕ್ಲಾಸ್‌ರೂಮ್ ಆಫ್ ದಿ ಎಲೀಟ್: ಶಾಲೆ ಸೂಪರ್, ನಾಯಕನ ಮೇಲೆ ಮಾತ್ರ ತಕರಾರಿದೆ

ಈ ಜಪಾನಿ ಅನಿಮೆಯ (ಆನಿಮೇಷನ್ ಸರಣಿಯ) ಮೊದಲ ಮೂರು ಸೀಸನ್ ಬಗ್ಗೆ ಬರೆಯುತ್ತಿದ್ದೇನೆ. ಕಥೆಯ ಕೆಲವು ತಿರುವುಗಳು ಇಲ್ಲಿ ಬರುತ್ತವೆ. ನೋಡದೇ ಇದ್ದವರು ಸ್ವಲ್ಪ ಜೋಪಾನ.

ಶಾಲೆಯೊಳಗಿನ ಮೇಲು ಕೀಳಿನ ಬಗ್ಗೆ ಅನಿಮೆಗಳಿಗೆ ಬರ ಇಲ್ಲ. ಆದರೆ ಬಹಳಷ್ಟರಲ್ಲಿ ಮೇಲಿನವರು ಅಂದರೆ ಸುಮ್ನೆ ದುಡ್ಡಿರುವವರು. ದೊಡ್ಡ ಮನೆ, ಉದ್ದ ಕಾರು, ಎಲ್ಲರನ್ನೂ ನಡುಗಿಸುವ ಸ್ಟೂಡೆಂಟ್ ಕೌನ್ಸಿಲ್, ಮುಗೀತು. ಇದು ಆ ದಾರಿ ಹಿಡಿಯುವುದಿಲ್ಲ, ಮೊದಲ ಪ್ಲಸ್ ಪಾಯಿಂಟ್ ಅದೇ. ಟೋಕಿಯೊದಲ್ಲಿ ಸರ್ಕಾರವೇ ನಡೆಸುವ ಒಂದು ಹೈಸ್ಕೂಲು. ಮೂರು ವರ್ಷ ಹೊರಗಿನವರ ಜೊತೆ ಸಂಪರ್ಕ ಇಲ್ಲ. ಎ ಇಂದ ಡಿ ತನಕ ನಾಲ್ಕು ತರಗತಿ, ಒಂದೊಂದರಲ್ಲಿ 40 ಜನ. ಸೇರಿದ ದಿನವೇ ಪ್ರತಿಯೊಬ್ಬರ ಖಾತೆಗೆ 1,00,000 ಪಾಯಿಂಟ್ ಬೀಳುತ್ತದೆ. ಒಂದು ಪಾಯಿಂಟ್ ಅಂದರೆ ಒಂದು ಯೆನ್. ಹುಡುಗರು ಹುಚ್ಚೆದ್ದು ಖರ್ಚು ಮಾಡುತ್ತಾರೆ, ಪಾಠದ ಮಧ್ಯೆ ಹರಟುತ್ತಾರೆ, ಫೋನ್ ನೋಡುತ್ತಾರೆ, ತಡವಾಗಿ ಬರುತ್ತಾರೆ, ಆದರೂ ಒಬ್ಬ ಟೀಚರ್ ಕೂಡ ಗದರುವುದಿಲ್ಲ. ಮುಂದಿನ ತಿಂಗಳು ಡಿ ತರಗತಿಯವರು ಖಾತೆ ನೋಡಿದರೆ ಒಂದು ಪೈಸೆಯೂ ಬಂದಿರುವುದಿಲ್ಲ. ಬೈಯುವ ಬದಲು ಇಡೀ ತರಗತಿಯ ಅಂಕ ಕಳೆಯುತ್ತಿದ್ದರು, ಅಷ್ಟೇ. ತಿಂಗಳ ಪಾಯಿಂಟ್ ಬರುವುದು ಆ ಅಂಕದ ಲೆಕ್ಕದಲ್ಲೇ. ಎಲ್ಲ ತರಗತಿಗೂ 1000 ದಿಂದ ಲೆಕ್ಕ ಶುರುವಾಗಿತ್ತು. ಎ ಹತ್ತಿರ 940 ಉಳಿದಿದೆ, ಬಿ ಹತ್ತಿರ 650, ಸಿ ಹತ್ತಿರ 490, ಡಿ ಹತ್ತಿರ ಸೊನ್ನೆ.

ಈ ದೃಶ್ಯ ನನಗೆ ತುಂಬಾ ಇಷ್ಟ. ಯಾಕೆಂದರೆ ಇಲ್ಲಿ ಯಾರೂ ಯಾರನ್ನೂ ತುಳಿಯಬೇಕಾಗಿಲ್ಲ. ನಿಯಮ ಏನು ಅಂತ ಹೇಳದೆ ಆಟ ಶುರು ಮಾಡಿ, ಆಮೇಲೆ ಸೋತವರಿಗೆ "ನಿಮ್ಮ ಯೋಗ್ಯತೆಯೇ ಇಷ್ಟು" ಅಂದರೆ ಸಾಕು, ಕೆಳಗಿನವರು ತಾವೇ ಒಪ್ಪಿಕೊಳ್ಳುತ್ತಾರೆ. ಕೈಯಲ್ಲಿ ಪಾಯಿಂಟ್ ಇಲ್ಲದವರಿಗೂ ಕ್ಯಾಂಟೀನಿನಲ್ಲಿ ಪುಕ್ಕಟೆ ಊಟ ಸಿಗುತ್ತದೆ, ಕಾಡು ಸೊಪ್ಪು ತರಕಾರಿಯದ್ದು. ಅದನ್ನು ತಟ್ಟೆಯಲ್ಲಿ ಇಟ್ಟುಕೊಂಡು ಕೂತವರನ್ನು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಬೇರೆ ಬೋರ್ಡ್ ಬೇಕಾ?

ಇನ್ನೊಂದು ಕಡೆ ಸುದೋ ಅನ್ನೋ ಬ್ಯಾಸ್ಕೆಟ್‌ಬಾಲ್ ಹುಡುಗ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದೇ ಒಂದು ಅಂಕದಿಂದ ಫೇಲ್ ಆಗುತ್ತಾನೆ. ಫೇಲ್ ಅಂದರೆ ಶಾಲೆಯಿಂದಲೇ ಔಟ್. ಆಗ ನಾಯಕ ಅಯನೋಕೋಜಿ ಹೋಗಿ ಆ ಒಂದು ಅಂಕವನ್ನು ಕೊಡ್ತೀರಾ ಅಂತ ಕೇಳುತ್ತಾನೆ. ಕ್ಲಾಸ್ ಟೀಚರ್ ಚಾಬಶಿರಾ 1,00,000 ಪಾಯಿಂಟ್ ರೇಟು ಹೇಳುತ್ತಾರೆ. ಅವನೂ ಅದೇ ತರಗತಿಯ ಹೊರಿಕಿತಾಳೂ ಸೇರಿ ಕಟ್ಟುತ್ತಾರೆ. ಪ್ರತಿಭೆಯೇ ಎಲ್ಲ ಅಂತ ಸಾರುವ ಶಾಲೆಯಲ್ಲಿ ಅಂಕ ಮಾರಾಟಕ್ಕಿದೆ! 2 ಕೋಟಿ ಪಾಯಿಂಟ್ ಇದ್ದರೆ ಸೀದಾ ಎ ತರಗತಿಗೇ ಹೋಗಬಹುದು. ಒಳ್ಳೆ ಕಾಲೇಜು, ಒಳ್ಳೆ ಕೆಲಸ ಅಂತ ಶಾಲೆ ಕೊಟ್ಟ ಮಾತೆಲ್ಲ ಎ ತರಗತಿಗೆ ಮಾತ್ರ ಅನ್ನೋದು ಸೇರಿದ ಮೇಲೆ ಗೊತ್ತಾಗುವ ವಿಷಯ.

ಈಗ ತಕರಾರು. ಅಯನೋಕೋಜಿ ಡಿ ತರಗತಿಯವನೇ ಅಲ್ಲ. ಕೂತಿರುವುದು ಅಲ್ಲಿ, ಅಷ್ಟೇ. ಪ್ರವೇಶ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಬೇಕಂತಲೇ ಸರಿಯಾಗಿ 50 ಅಂಕ ತೆಗೆದವನು. ಓದು, ಹೊಡೆದಾಟ, ಚೆಸ್, ಎಲ್ಲದರಲ್ಲೂ ಎಲ್ಲರಿಗಿಂತ ಮೇಲೆ. ಹಾಗಾಗಿ ನಾವು ಕೆಳಗಿನ ತರಗತಿಯ ಕಥೆ ನೋಡುತ್ತಿದ್ದೇವೆ ಅಂದುಕೊಂಡರೂ ನಿಜಕ್ಕೂ ನೋಡುವುದು ಎಲ್ಲರಿಗಿಂತ ಮೇಲಿನವನ ಕಣ್ಣಿಂದ. ನಿಜವಾಗಿ ಕೆಳಗಿರುವವರು, ಅಂದರೆ ಎಷ್ಟು ಓದಿದರೂ ತಲೆಗೆ ಹತ್ತದವರು, ಅವಸರಕ್ಕೆ ಕೈ ಎತ್ತುವವರು, ಅವನ ಪಾಲಿಗೆ ಬರೀ ಕಾಯಿಗಳು. ಮೊದಲ ಸೀಸನ್ನಿನ ಕೊನೆಯಲ್ಲಿ ಅವನೇ ಮನಸ್ಸಲ್ಲಿ ಹೇಳಿಕೊಳ್ಳುತ್ತಾನೆ, ಎಲ್ಲರೂ ತನಗೆ ಉಪಕರಣಗಳೇ ಅಂತ. ಅವನೊಳಗಿನ ಖಾಲಿತನ ತೋರಿಸುವುದು ಕಥೆಯ ಉದ್ದೇಶ ಇರಬಹುದು. ಆದರೆ ಹಿನ್ನೆಲೆ ಸಂಗೀತ, ಕ್ಯಾಮೆರಾ, ಎಲ್ಲ ಅವನಿಗೆ ಸಿಳ್ಳೆ ಹೊಡೆಯುತ್ತಿದ್ದರೆ ನೋಡುವವರು ಏನು ಮಾಡುತ್ತಾರೆ? ಅವರೂ ಸಿಳ್ಳೆ ಹೊಡೆಯುತ್ತಾರೆ.

ತಮಾಷೆ ಏನು ಗೊತ್ತಾ, ಇದೇ ಲಾರ್ಕೆ ಸ್ಟುಡಿಯೋ 2015ರಲ್ಲಿ ಅಸಾಸಿನೇಷನ್ ಕ್ಲಾಸ್‌ರೂಮ್ ಮಾಡಿತ್ತು. ಅದರ ನಿರ್ದೇಶಕ ಕಿಶಿ ಸೇಜಿ ಇದರ ಮೊದಲ ಸೀಸನ್ನಿನಲ್ಲೂ ಇದ್ದಾರೆ. ಅಲ್ಲಿ ಅಂಕ ಕಡಿಮೆಯಾದವರನ್ನು ಗುಡ್ಡದ ಮೇಲಿನ ಹಳೇ ಕಟ್ಟಡದ ಇ ತರಗತಿಗೆ ತಳ್ಳುತ್ತಾರೆ. ಶೇ 5 ಮಕ್ಕಳನ್ನು ಹೀಗೆ ಕೆಳಗಿಟ್ಟರೆ ಉಳಿದ ಶೇ 95 ಹೆದರಿ ಓದುತ್ತಾರೆ ಅನ್ನೋದು ಪ್ರಿನ್ಸಿಪಾಲರ ಲೆಕ್ಕ. ಟೀಚರ್ ಹಳದಿ ಆಕ್ಟೋಪಸ್ ಥರ ಇದ್ದಾನೆ ಅಂತ ಅದನ್ನು ಮಕ್ಕಳ ಕಾರ್ಟೂನ್ ಅಂದುಕೊಳ್ಳಬೇಡಿ. ಆ ಇ ತರಗತಿಯ ಮಕ್ಕಳಿಗೆ ತಮ್ಮ ಬಗ್ಗೆ ತಮಗೇ ಇರುವ ಕೀಳರಿಮೆಯನ್ನು ಅದು ಒಬ್ಬೊಬ್ಬರ ಮುಖದಲ್ಲೂ ತೋರಿಸುತ್ತದೆ. ಇಲ್ಲಿ ಅಷ್ಟು ಪುರುಸೊತ್ತು ಸಿಗುವುದು ಒಬ್ಬಳಿಗೆ ಮಾತ್ರ, ಕರುಯಿಜಾವಾಗೆ.

ಅವಳಿಗಾಗಿಯೇ ಎರಡನೇ ಸೀಸನ್ (2022) ನೋಡಬೇಕು. ತರಗತಿಯಲ್ಲಿ ಅವಳೇ ರಾಣಿ, ಜೋರು ಬಾಯಿ, ಎಲ್ಲರ ಮೆಚ್ಚಿನ ಹಿರಾತಾ ಅವಳ ಬಾಯ್‌ಫ್ರೆಂಡ್. ಒಳಗೆ ನೋಡಿದರೆ ಮಿಡಲ್ ಸ್ಕೂಲಿನಲ್ಲಿ ಎಲ್ಲರಿಂದ ಹಿಂಸೆ ತಿಂದವಳು. ಇನ್ನೊಂದು ಸಲ ಆ ಜಾಗಕ್ಕೆ ಬೀಳಬಾರದು ಅಂತ ಹಿರಾತಾನ ಒಪ್ಪಿಗೆ ಪಡೆದು ಪ್ರೀತಿಯ ನಾಟಕ ಆಡುತ್ತಿದ್ದಾಳೆ. ಮೇಲಿರುವವರ ದರ್ಪದ ಹಿಂದೆ ಇಂಥ ಭಯ ಇರಬಹುದು ಅಂತ ಇಷ್ಟು ಚೆನ್ನಾಗಿ ತೋರಿಸಿದ ಶಾಲಾ ಅನಿಮೆ ನನಗೆ ಬೇರೆ ನೆನಪಾಗುತ್ತಿಲ್ಲ. ಆದರೆ ಅಯನೋಕೋಜಿ ಆ ಭಯವನ್ನೂ ಬಳಸಿಕೊಳ್ಳುತ್ತಾನೆ, ಕಥೆ ಅದನ್ನು ರೊಮ್ಯಾನ್ಸ್ ಕಡೆ ತಿರುಗಿಸುತ್ತದೆ. ನನಗೆ ಇದು ಒಂಚೂರೂ ಹಿಡಿಸಲಿಲ್ಲ.

ಮೂರನೇ ಸೀಸನ್ನಿನಲ್ಲಿ (2024) ಒಂದು ಪರೀಕ್ಷೆ ಇದೆ. ತರಗತಿಯವರೇ ಮತ ಹಾಕಿ ತಮ್ಮಲ್ಲೇ ಒಬ್ಬರನ್ನು ಶಾಲೆಯಿಂದ ಹೊರಗೆ ಕಳಿಸಬೇಕು. ಅಲ್ಲಿಯವರೆಗೆ ಎ, ಬಿ, ಸಿ, ಡಿ ಅಂತಿದ್ದ ಏಣಿ ಒಂದೇ ಕೋಣೆಯೊಳಗೆ ಬಂದು ನಿಲ್ಲುತ್ತದೆ. ನಿನ್ನೆವರೆಗೆ ಜೊತೆಗೆ ಊಟ ಮಾಡಿದವರು ಇವತ್ತು ಪಟ್ಟಿ ಮಾಡುತ್ತಾರೆ. ಮೂರೂ ಸೀಸನ್ನಿನಲ್ಲಿ ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಇಲ್ಲೇ.

ಉಳಿದ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲ ಸೀಸನ್ನಿನ (2017, 12 ಎಪಿಸೋಡ್) ಚಿತ್ರ ಚಂದ, ಆಮೇಲಿನವು ಪರವಾಗಿಲ್ಲ. ಎಪಿಸೋಡಿನ ಹೆಸರುಗಳೆಲ್ಲ ನೀಚೆ ಥರದ ತತ್ವಜ್ಞಾನಿಗಳ ಮಾತುಗಳು, ಸ್ವಲ್ಪ ಬಿಲ್ಡಪ್ ಜಾಸ್ತಿಯೇ. ಈಜುಕೊಳದ ಎಪಿಸೋಡ್ ಬಿಟ್ಟುಬಿಟ್ಟರೆ ಏನೂ ನಷ್ಟ ಇಲ್ಲ. ಅದೇ ಜುಲೈ 2017ರಲ್ಲಿ ಬಂದ ಕಾಕೆಗುರುಯಿ ಅನ್ನೋ ಅನಿಮೆ ಇನ್ನೂ ಅತಿರೇಕ, ಜೂಜಿನ ಸಾಲ ಮಾಡಿಕೊಂಡು ಸ್ಟೂಡೆಂಟ್ ಕೌನ್ಸಿಲ್‌ಗೆ ಕೊಡಬೇಕಾದ ದುಡ್ಡು ಕೊಡಲಾಗದವರು ಅಲ್ಲಿ ಸಾಕುಪ್ರಾಣಿ. ಮಜಾ ಬೇಕಿದ್ದರೆ ಅದನ್ನೇ ನೋಡಿ.

ಸ್ಟಾರ್ ಕೊಡಲೇಬೇಕು ಅಂದರೆ ಐದಕ್ಕೆ ಮೂರೂವರೆ. ಎರಡಕ್ಕೂ ಸಮಯ ಇದ್ದರೆ ಅಸಾಸಿನೇಷನ್ ಕ್ಲಾಸ್‌ರೂಮ್ ಮೊದಲು ನೋಡಿ, ಇದು ಆಮೇಲೆ.