ಕಂದು ಚಿಟ್ಟೆ ನೋಡೋಕೆ ಪೆಂಟಾಕ್ಸ್ ಪ್ಯಾಪಿಲಿಯೊ 2 (6.5×21)

ಹಕ್ಕಿ ನೋಡೋಕೆ ಬೈನಾಕ್ಯುಲರ್ ಹುಡುಕ್ತಿದ್ದರೆ ಇದು ಬೇಡ. ಕಣ್ಣೆದುರು ಅರ್ಧ ಮೀಟರ್ ದೂರದಲ್ಲಿ ಕೂತಿದ್ದನ್ನೂ ಇದು ಸ್ಪಷ್ಟವಾಗಿ ತೋರಿಸುತ್ತೆ, ನಾನು ದುಡ್ಡು ಕೊಟ್ಟಿದ್ದು ಅದೊಂದಕ್ಕೇ. ಮಾಮೂಲಿ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋ, 42 ಮಿ.ಮೀ. ಲೆನ್ಸಿನ) ಬೈನಾಕ್ಯುಲರ್ ಹಿಡಿದು ಕಾಲಬುಡದ ಚಿಟ್ಟೆ ನೋಡಬೇಕಂದ್ರೆ ನಾವೇ ಹಿಂದೆ ಸರಿಯಬೇಕು. ಅಷ್ಟರಲ್ಲಿ ಅದು ಹುಲ್ಲಲ್ಲಿ ಎಲ್ಲಿತ್ತು ಅನ್ನೋದೇ ತಪ್ಪಿಹೋಗಿರುತ್ತೆ.

ನಾನಿರೋದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಲ್ಲಿ. ಇಲ್ಲಿನ ಸ್ಟಡ್‌ಲ್ಯಾಂಡ್‌ನಲ್ಲಿ ಮರಳು ದಿಬ್ಬ ಮುಗೀತಿದ್ದಂಗೆ ಹೀತ್ ಶುರು: ಕುಳ್ಳ ಹೆದರ್ ಪೊದೆ, ಮುಳ್ಳುಮುಳ್ಳು ಗೋರ್ಸ್, ನಡುನಡುವೆ ಬಡಕಲು ಹುಲ್ಲು. ಆ ಹುಲ್ಲಲ್ಲಿರುತ್ತೆ ಸ್ಮಾಲ್ ಹೀತ್ ಅನ್ನೋ ಚಿಟ್ಟೆ. ರೆಕ್ಕೆ ಅಗಲಿಸಿದರೂ ಮೂರೂವರೆ ಸೆಂಟಿಮೀಟರ್. ನಮ್ಮ ಶಿರಸಿ ಕಡೆ ಕಾಣೋ ಸದರ್ನ್ ಬರ್ಡ್‌ವಿಂಗ್ ನೋಡಿ ಬೆಳೆದೋಳಿಗೆ ಇದನ್ನ ಚಿಟ್ಟೆ ಅನ್ನೋಕೂ ಮನಸ್ಸು ಬರಲಿಲ್ಲ. ಊರಿನ ಹುಲ್ಲಲ್ಲಿ ತಗ್ಗಿ ಹಾರೋ ಕಂದು ರಿಂಗ್ ಚಿಟ್ಟೆಗಳಿದ್ದಾವಲ್ಲ, ಅವುಗಳ ದಾಯಾದಿ ಇದು.

ಕೂತಾಗ ಈ ಮಾರಾಯ ರೆಕ್ಕೆ ಬಿಚ್ಚೋದೇ ಇಲ್ಲ. ಮಡಿಸಿಕೊಂಡು ಬಿಸಿಲಿಗೆ ಓರೆಯಾಗಿ ವಾಲುತ್ತೆ, ಹಾಗಾಗಿ ಕಾಣೋದೆಲ್ಲ ರೆಕ್ಕೆಯ ಅಡಿಭಾಗ. ಬರಿಗಣ್ಣಿಗೆ ಮಂಕು ಕಂದು, ಅಷ್ಟೇ. ಈ ಬೈನಾಕ್ಯುಲರ್‌ನಲ್ಲಿ ನೋಡಿ: ಮುಂದಿನ ರೆಕ್ಕೆ ಕಿತ್ತಳೆ, ತುದಿಯಲ್ಲಿ ಕಪ್ಪು ಕಣ್ಣು, ಅದರೊಳಗೆ ಒಂದು ಬಿಳಿ ಚುಕ್ಕೆ. ಮೀಸೆ ತುಂಬ ಬಿಳಿ ಪಟ್ಟೆ. ನಿಂತಿರೋದು ನಾಲ್ಕೇ ಕಾಲ ಮೇಲೆ, ಮುಂದಿನೆರಡು ಮೋಟು ಕಾಲು ಎದೆಗೆ ಒತ್ತಿಕೊಂಡಿರುತ್ತೆ. ಮೋಡ ಬಂತೋ, ಮುಂದಿನ ರೆಕ್ಕೆ ಹಿಂದಿನದರ ಮರೆಗೆ ಜಾರಿ ಆ ಕಣ್ಣು ಮಾಯ. ಉಳಿಯೋದು ಒಣಗಿದ ಎಲೆಚೂರಿನಂಥದ್ದೊಂದು.

ಹತ್ತಿರಕ್ಕೆ ಫೋಕಸ್ ತಿರುಗಿಸಿದಂಗೆ ಮುಂದಿನ ಎರಡು ಲೆನ್ಸೂ ಒಂದರ ಕಡೆಗೊಂದು ಸರೀತಾವೆ. ಅದಕ್ಕೇ ಅಷ್ಟು ಹತ್ತಿರದಲ್ಲೂ ಎರಡು ಕಣ್ಣಿಗೆ ಒಂದೇ ಚಿತ್ರ. ಆದರೆ ಫೋಕಸ್ ಸಿಗೋ ಆಳ ತೀರಾ ತೆಳು, ಹುಲ್ಲು ಗಾಳಿಗೆ ಅಲ್ಲಾಡಿದರೆ ಬೆರಳು ಚಕ್ರದ ಮೇಲೇ ಇರಬೇಕು. 8.5×21 ಕೂಡ ಬರುತ್ತೆ. ನನ್ನ ಕೇಳಿದರೆ 6.5 ಸಾಕು. ಕೈನಡುಕ ಕಡಿಮೆ ಕಾಣುತ್ತೆ, ನೋಟವೂ ಅಗಲ.

ವಾಟರ್‌ಪ್ರೂಫ್ ಅಲ್ಲ. ಈ ದೇಶದ ಮಳೆ ಗೊತ್ತಲ್ಲ, ಜೇಬಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರಲಿ. ಲೆನ್ಸ್ ಬರೀ 21 ಮಿ.ಮೀ., ಸಂಜೆ ಬೆಳಕಿಗೆ ಆಗಲ್ಲ. ತೂಕ ಸುಮಾರು 290 ಗ್ರಾಂ, ಕುತ್ತಿಗೆಗೆ ಭಾರವೇ ಅನ್ಸಲ್ಲ.

ಸ್ಮಾಲ್ ಹೀತ್ ಮೇನಿಂದ ಸೆಪ್ಟೆಂಬರ್‌ವರೆಗೆ ಹಾರುತ್ತೆ. 2022ರ ಬ್ರಿಟನ್ ಕೆಂಪುಪಟ್ಟಿಯಲ್ಲಿ ಅಪಾಯದಂಚಿನಲ್ಲಿರೋ ಚಿಟ್ಟೆಗಳ ಸಾಲಿನಲ್ಲಿದೆ, ಹಾಗಾಗಿ ಪೊದೆ ತುಳೀದೆ ದಾರಿ ಮೇಲೇ ನಿಂತು ನೋಡಿ. ಪೊದೆಯಲ್ಲಿ ಆಡರ್ ಅನ್ನೋ ವಿಷದ ಹಾವೂ ಇರುತ್ತೆ. ಜುಲೈ ನಂತರ ಹೋದರೆ ಗ್ರೇಲಿಂಗ್ ಅನ್ನೋ ಚಿಟ್ಟೆ ಕೂಡ ಸಿಗಬಹುದು. ಇದಕ್ಕಿಂತ ದೊಡ್ಡದು, ಅದೂ ರೆಕ್ಕೆ ಮಡಿಸಿಯೇ ಕೂರೋದು, ಮರಳ ಮೇಲೆ ಕೂತರೆ ಹುಡುಕೋದು ಇನ್ನೂ ಕಷ್ಟ.